ಪೆಟ್ಟಿಗೆಯಲ್ಲಿ ಹೆಚ್ಚಿಗೆ ಸಿಕ್ಕ ಎಂಟು ಸಾವಿರ

“ಅಕ್ಕಾ, ಪುಸ್ತಕದಲ್ಲಿ ಬರ್ದಿರೋದ್ಕಿಂತ ಎಂಟು ಸಾವ್ರ ಜಾಸ್ತಿ ಅದೆ ಕಣಕ್ಕ!”

ನೋಟು ಎಣಿಸಿದ ಮಾದಪ್ಪ ಗಾಬರಿಯಾದರು. ಅವರು ಗುಂಡ್ಲುಪೇಟೆ ಮಾರುಕಟ್ಟೆಯ ಹಮಾಲರ ಸಂಘದ ಅಧ್ಯಕ್ಷರು. ಹೋದ ತಿಂಗಳು ತೀರಿಕೊಂಡ ನನ್ನ ಯಜಮಾನರು ಅದರ ಖಜಾಂಚಿ. ನಮ್ಮ ಮನೆಯಲ್ಲೇ ಇರುತ್ತಿದ್ದ ಆಪತ್ತಿನ ನಿಧಿಯ ಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೂ ಅವರ ಹೆಸರು ಕೆಡುತ್ತದೆಂದು ನಾನು ಹೆದರಿದ್ದೆ.

ಪುಸ್ತಕದ ಕೊನೆಯ ಖರ್ಚು ಎಂಟು ಸಾವಿರ. ಚಾಮರಾಜನಗರದ ಆಸ್ಪತ್ರೆಗೆಂದು ಸಂಘ ನನ್ನ ಯಜಮಾನರಿಗೇ ಕೊಟ್ಟದ್ದು, ಸಹಿಯೂ ಇವರದೇ.

“ಬ್ಯಾಡ ಅಂದ್ರೆ ನಾವ್ ಬುಡಲ್ಲ ಅಂತ ಈಸ್ಕೊಂಡು, ತಿರ್ಗ ಪೆಟ್ಗೆಲೇ ಮಡಗ್ಬುಟ್ಟವ್ನೆ, ಕಳ್ಳ!” ಎಂದು ಮಾದಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು.

ಸಂಘದ ಹಣವಿದ್ದರೂ ಬಿಲ್ಲು ಕಟ್ಟಲು ಸ್ಕೂಟರ್ ಯಾಕೆ ಮಾರಿದಿರಿ ಎಂದು ಆಸ್ಪತ್ರೆಯಲ್ಲಿ ನಾನು ಯಜಮಾನರ ಜೊತೆ ಜಗಳವಾಡಿ, ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದೆ. ಆ ಎರಡು ದಿನಗಳನ್ನು ಈಗ ಯಾರ ಬಳಿ ವಾಪಸು ಕೇಳಲಿ?