ಹನ್ನೊಂದು ಪೆನ್‌ಡ್ರೈವ್‌ಗಳಿಗೆ ಕುಂಕುಮ ಇಟ್ಟದ್ದು

ಮಕ್ಕಳೇ, ನಿಮಗೆಂದು ನಾನು ಬರೆಯಲು ಶುರು ಮಾಡಿದ್ದು ಕಳೆದ ವರ್ಷ. ನಿಮ್ಮ ಅಮ್ಮ ತಾನು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ನನಗೆ ಕೊಟ್ಟಿದ್ದಳು. ಅದನ್ನು ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೆ ಪರದೆ ಬೆಳಗಿರುತ್ತಿತ್ತು. ನನಗೆ ಅದರಿಂದ ತೊಂದರೆ ಇರಲಿಲ್ಲ. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು. ಒಂದು ವಾಕ್ಯ ಯೋಚಿಸುವುದಕ್ಕೂ ಅಷ್ಟೇ ಹೊತ್ತು ಬೇಕಾಗುತ್ತಿತ್ತು. ಹಾಗೆಯೇ ನಲವತ್ತೆರಡು ಪುಟ ಬರೆದಿದ್ದೆ. ನನ್ನ ಮದುವೆ, ನಿಮ್ಮ ಅಮ್ಮ ಹುಟ್ಟಿದ್ದು, ನಿಮ್ಮ ತಾತ ಹೋಗುವ ಮುಂಚಿನ ತಿಂಗಳು, ಎಲ್ಲ ಅದರಲ್ಲಿತ್ತು.

ಟೇಕಲ್ ಹತ್ತಿರದ ನಮ್ಮೂರಿನ ಗ್ರಂಥಾಲಯ ನೋಡಿಕೊಳ್ಳುವ ಮೇಡಂ ಒಂದು ದಿನ ಮನೆಗೆ ಬಂದರು. ಕೋಲಾರದಲ್ಲಿ ಭಾನುವಾರ ಹಳೆಯ ಕಂಪ್ಯೂಟರ್ ತಂದವರಿಗೆಲ್ಲ ಲಿನಕ್ಸ್ ಹಾಕಿಕೊಡುತ್ತಾರಂತೆ, ತಯಾರಿಗೆ ಜನ ಬೇಕಂತೆ. ಲಿನಕ್ಸ್ ಅಂದರೆ ಏನು ಎಂದು ಕೇಳಿದೆ. ಕಂಪ್ಯೂಟರನ್ನು ಒಳಗಿನಿಂದ ನಡೆಸುವಂಥದ್ದು, ಯಾರು ಬೇಕಾದರೂ ಹಾಕಿಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು ಎಂದರು. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ ಎಂದುಕೊಂಡು ಒಪ್ಪಿದೆ. ನನಗೆ ವಹಿಸಿದ್ದು ಪುಳಿಯೋಗರೆ.

ಯಂತ್ರದ ಕೆಲಸವೆಲ್ಲ ಒಬ್ಬ ನಿವೃತ್ತ ಲೈನ್‌ಮನ್ ಅವರದು. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಕಡೆಯವರು. ಮೂವತ್ತು ವರ್ಷ ಕಂಬ ಹತ್ತಿದ ಮೇಲೆ ಕುಳಿತು ಮಾಡುವ ಕೆಲಸ ಹುಡುಕಿಕೊಂಡವರು. ಗುರುವಾರ ಅವರು ಮೇಡಂ ಜೊತೆ ನಮ್ಮ ಮನೆಗೆ ಬಂದು, ಒಂದು ಹಳೆಯ ಯಂತ್ರದ ಮೇಲೆ ಮೊದಲು ಮಾಡಿ ನೋಡಬೇಕು ಎಂದರು.

"ನಿಮ್ಮದಕ್ಕಿಂತ ಹಳೇದು ಜಿಲ್ಲೆಯಲ್ಲೇ ಇಲ್ಲ ಅಕ್ಕಾ, ಕೊಡಿ" ಎಂದು ನನ್ನದನ್ನೇ ತೆಗೆದುಕೊಂಡರು.

ಮೊದಲು ನನ್ನ ನಲವತ್ತೆರಡು ಪುಟವನ್ನು ಒಂದು ಪೆನ್‌ಡ್ರೈವ್‌ಗೆ ತುಂಬಿ, ಗುರುತಿಗೆ ಬಿಳಿ ದಾರ ಕಟ್ಟಿದರು. ಆಮೇಲೆ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿದರು. ಹಾಲು ಕಾಯುವ ಮೊದಲೇ ಪರದೆ ಬೆಳಗಿತು. ಪುಟಗಳನ್ನು ವಾಪಸ್ ಹಾಕಬೇಕು, ಅಷ್ಟರಲ್ಲಿ ಕರೆಂಟ್ ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು. ಲೈನ್‌ಮನ್ ಅಭ್ಯಾಸಬಲದಿಂದ ಹೊರಗೆ ಹೋಗಿ ಕಂಬ ನೋಡಿ ಬಂದರು.

"ಶನಿವಾರ ಹಾಕ್ಕೊಡ್ತೀವಿ ಬಿಡಿ" ಎಂದು ಮೇಡಂ ಸ್ಟೀಲ್ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. "ಲೈಬ್ರರಿಯಲ್ಲಿ ಇಲಿ ಕಾಟ. ಇದನ್ನ ಜೋಪಾನವಾಗಿಟ್ಟಿರಿ." ಅದರಲ್ಲಿ ಹನ್ನೊಂದು ಪೆನ್‌ಡ್ರೈವ್. ಹತ್ತರಲ್ಲಿ ಭಾನುವಾರಕ್ಕೆ ಬೇಕಾದ ಲಿನಕ್ಸ್, ದಾರ ಕಟ್ಟಿದ್ದರಲ್ಲಿ ನನ್ನ ಪುಟಗಳು.

ಮಾರನೆಯ ದಿನ ಶುಕ್ರವಾರ. ನಮ್ಮ ಮನೆಗೆ ಬಂದ ಯಾವ ಹೊಸ ಸಾಮಾನೂ ಅರಿಶಿನ ಕುಂಕುಮ ಕಾಣದೆ ಕೆಲಸಕ್ಕೆ ಹೋಗಿದ್ದಿಲ್ಲ. ಪಂಪ್‌ಸೆಟ್, ತಕ್ಕಡಿ, ಮಿಕ್ಸಿ, ಎಲ್ಲಕ್ಕೂ ನಾನೇ ಇಟ್ಟಿದ್ದೇನೆ. ನಿಮ್ಮ ತಾತ ಹೋದ ಮೇಲೆ ನನ್ನ ಹಣೆಗೆ ಇಲ್ಲವಾದರೂ ಸಾಮಾನಿಗೆ ತಪ್ಪಿಸಿಲ್ಲ. ಪೆನ್‌ಡ್ರೈವ್‌ಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಮುಖ ಯಾವುದು ಎಂದು ಸ್ವಲ್ಪ ಯೋಚಿಸಬೇಕಾಯಿತು. ಮೊದಲು ಒಳಗೆ ಹೋಗುವುದು ಹೊಳೆಯುವ ತುದಿ, ಆದ್ದರಿಂದ ಮುಖ ಅದೇ ಎಂದು ತೀರ್ಮಾನಿಸಿ, ಕುಂಕುಮ ಕಲಸಿ ಅಲ್ಲಿಗೇ ಇಟ್ಟೆ. ದಾರದ್ದು ನನ್ನದಾಗಿದ್ದರಿಂದ ಅದಕ್ಕೆ ಎರಡು ಸಲ.

ಶನಿವಾರ ಗ್ರಂಥಾಲಯದಲ್ಲಿ ಮೇಡಂ, ಲೈನ್‌ಮನ್, ಭಾನುವಾರದ ಕೆಲಸಕ್ಕೆಂದು ಮಾಲೂರಿನಿಂದ ಬಂದ ನಾಲ್ಕು ಜನ ಮೇಷ್ಟ್ರುಗಳು ಇದ್ದರು. "ಮೊದ್ಲು ಅಕ್ಕನ ಪುಟ" ಎಂದು ಲೈನ್‌ಮನ್ ದಾರದ್ದನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದರು. ಅದರ ದೀಪ ಒಂದು ಸಲ ಮಿನುಗಿ ಆರಿತು. ಹೊರಗೆಳೆದು ನೋಡಿದರು. ಉಳಿದವನ್ನೂ ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿದರು.

"ಅಯ್ಯೋ ದೇವುಡಾ! ತುಕ್ಕು ಮೇಡಂ, ಅಷ್ಟೂ ತುಕ್ಕು."

"ಎರಡು ದಿನಕ್ಕೆ ತುಕ್ಕಾ?"

"ಈಗಿನ ಮಾಲೇ ಹಂಗೆ. ಇವನ್ನ ಜನರ ಮಿಷನ್‌ಗೆ ಹಾಕಿದ್ರೆ ನಾಳೆ ನನ್ನನ್ನೇ ಕಂಬಕ್ಕೆ ಕಟ್ತಾರೆ. ಬೇರೆ ತರೋಣ." ಹನ್ನೊಂದನ್ನೂ ಕಸದ ಬುಟ್ಟಿಗೆ ಸುರಿದರು.

ನಾಲ್ಕು ಜನ ಪರಗಂಡಸರ ಎದುರು ನಾನು ಹಿಂದೆ ಯಾವತ್ತೂ ಬಾಯಿ ಬಿಟ್ಟವಳಲ್ಲ. ನನ್ನ ಮದುವೆಯಲ್ಲೂ ಮಾತಾಡಿರಲಿಲ್ಲ. ಆದರೆ ಬುಟ್ಟಿಯೊಳಗೆ ಬಿಳಿ ದಾರ ಕಾಣುತ್ತಿತ್ತು. ಬುಟ್ಟಿಯನ್ನು ನೋಡಿಕೊಂಡೇ ಹೇಳಿದೆ:

"ತುಕ್ಕಲ್ಲ. ಕುಂಕುಮ."

"ಯಾರಿಟ್ಟಿದ್ದು?" ಎಂದರು ಮೇಡಂ.

"ನಾನೇ. ಶುಕ್ರವಾರ ಆಗಿತ್ತು."

ಮೇಷ್ಟ್ರೊಬ್ಬರು ಕೆಮ್ಮಿದರು. ಲೈನ್‌ಮನ್ ಕುರ್ಚಿ ಎಳೆದುಕೊಂಡು ಕುಳಿತರು. "ಬೀಗಕ್ಕೆ ಕುಂಕುಮ ಇಡ್ತಾರೆ ಅಕ್ಕಾ, ಸರಿ. ಕೀಲಿ ಕಂಡಿಯೊಳಕ್ಕೆ ತುಂಬ್ತಾರಾ?"

"ಮೇಲೇ ಇಟ್ಟಿದ್ದೆ. ನೀರು ಜಾಸ್ತಿಯಾಗಿ ಇಳ್ಕೊಂಡ್ತು."

ಆಶಾ ಕಾರ್ಯಕರ್ತೆಯ ಮನೆಯಿಂದ ಸ್ಪಿರಿಟ್ ತರಿಸಿದರು. ಹತ್ತಿ ಆ ಸಂದಿಗೆ ಹೋಗಲಿಲ್ಲ. ಮೇಷ್ಟ್ರುಗಳು ತಿರುವಿದ ಹತ್ತಿಯೆಲ್ಲ ಕಂಬಳಿಹುಳುವಿನಷ್ಟು ದಪ್ಪ. ನಾನು ಪೊರಕೆಕಡ್ಡಿ ಸೀಳಿ, ದೇವರ ದೀಪಕ್ಕೆ ಹೊಸೆಯುವ ಹಾಗೆ ಅದರ ತುದಿಗೆ ಹತ್ತಿ ಹೊಸೆದೆ. ಅದು ಹೋಯಿತು. ಕುಂಕುಮವಿಟ್ಟದ್ದು ಹತ್ತು ನಿಮಿಷ, ತೆಗೆದದ್ದು ಮೂರು ಗಂಟೆ. ಲೈನ್‌ಮನ್ ಒಂದೊಂದನ್ನೂ ನೆರಳಿನಲ್ಲಿ ಒಣಗಿಸಿ ಚುಚ್ಚಿ ನೋಡಿದರು. ಹತ್ತೂ ನಡೆದವು. ದಾರದ್ದು ನಡೆಯಲಿಲ್ಲ. ಎರಡು ಸಲ ಇಟ್ಟ ಕುಂಕುಮ ಒಳಗೆ ಇನ್ನೂ ಹಸಿಯಿದ್ದಾಗಲೇ ಚುಚ್ಚಿದ್ದರಿಂದ ಸುಟ್ಟುಹೋಗಿತ್ತು.

ಲೈನ್‌ಮನ್ ಬಹಳ ಹೊತ್ತು ಅದನ್ನು ಕೈಯಲ್ಲಿ ತಿರುಗಿಸಿದರು. "ಇದಕ್ಕೆ ಭಕ್ತಿ ಸ್ವಲ್ಪ ಜಾಸ್ತಿ ಬಿದ್ದಿದೆ ಅಕ್ಕಾ" ಎಂದರು. ಆಮೇಲೆ, "ನೋಡ್ದೆ ಚುಚ್ಚಿದ್ದು ನಂದೂ ತಪ್ಪೇ" ಎಂದರು. ನಾನು ಪುಳಿಯೋಗರೆಗೆ ಹುಣಸೆಹಣ್ಣು ನೆನೆಹಾಕಬೇಕೆಂದು ಎದ್ದು ಮನೆಗೆ ಬಂದೆ. ಹುಣಸೆಹಣ್ಣು ಬೆಳಿಗ್ಗೆಯೇ ನೆನೆದಿತ್ತು.

ಭಾನುವಾರ ಕೋಲಾರಕ್ಕೆ ಮುಳಬಾಗಿಲು, ಶ್ರೀನಿವಾಸಪುರಗಳಿಂದಲೂ ಜನ ಬಂದರು. ತಾಯಲೂರಿನಾಕೆಯೊಬ್ಬಳು ತಂದ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕುಂಕುಮವಿತ್ತು. ಲೈನ್‌ಮನ್ ನನ್ನನ್ನು ನೋಡಿದರು.

"ಅದು ನಾನಿಟ್ಟಿದ್ದಲ್ಲ" ಎಂದೆ, ಎಲ್ಲರೆದುರಿಗೇ.

ಹೋದ ಪುಟಗಳು ಹೋದವು. ಅವುಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಬರೆದಿರಲಿಲ್ಲ ಎಂಬುದು ಈಗ ನೆನಪಾಗುತ್ತಿದೆ. ಮತ್ತೆ ಮದುವೆಯಿಂದಲೇ ಶುರು ಮಾಡೋಣವೆಂದು ಕುಳಿತೆ, ಈ ಕುಂಕುಮದ ಕಥೆಯೇ ಮೊದಲು ಬಂತು. ಬರೆದದ್ದನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಇಟ್ಟಿದ್ದೇನೆ. ಎರಡಕ್ಕೂ ಏನೂ ಹಚ್ಚಿಲ್ಲ.