ಸೇತುವೆಯ ಅಳತೆ ಕೇಳುವ ಮೊಬೈಲು

ಬೆಳಗಿನ ಐದೂವರೆ. ಶಲವಡಿಯ ಹಳ್ಳದ ಸೇತುವೆಯ ಕಟ್ಟೆಯ ಮೇಲೆ ನೀಲಕ್ಕ ಅಳತೆಕೋಲು ಹಿಡಿದು ನಿಂತಿದ್ದಾರೆ. ಅರ್ಧ ಫರ್ಲಾಂಗು ಆಚೆ, ಮೈಲಾರವ್ವ ಎಂಬವರ ಹೊಲದಲ್ಲಿ, ನೆಲದ ಏರುತಗ್ಗು ಅಳೆಯುವ ಮೂರು ಕಾಲಿನ ಲೆವಲ್ ಯಂತ್ರಕ್ಕೆ ಕಣ್ಣು ಹಚ್ಚಿರುವವರು ಅವರ ಗಂಡ ಶಂಕ್ರಪ್ಪ. ಕೈ ಎತ್ತುತ್ತಾರೆ, ಕೋಲು ನೆಟ್ಟಗಾಗುತ್ತದೆ. ಕಂಡ ಅಂಕಿಯನ್ನು ಮೊಬೈಲಿನಲ್ಲಿ ಒತ್ತುತ್ತಾರೆ.

ಆ ಮೊಬೈಲು ಕುಳಿತಿರುವುದು ನೀರಿನ ಗಡಿಗೆಯ ಮುಚ್ಚಳಕ್ಕೆ ಹೊದಿಸಿದ ಒದ್ದೆ ಬಟ್ಟೆಯ ಮೇಲೆ. ಪರದೆಯಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಮಿಣುಕುವ ಒಂದು ಗೆರೆ. ಮೇಜಿನ ಮೇಲಿನ ಹಳೇ ಕಂಪ್ಯೂಟರನ್ನು ಕಂಡವರಿಗೆ ಆ ಮುಖ ತಕ್ಷಣ ಗುರುತು ಸಿಗುತ್ತದೆ.

"ಬಿಸಲ ಏರಿತಂದ್ರ ಎರಿ ಹೊಲದ ಮ್ಯಾಲೆ ಗಾಳಿ ಕುದೀತೈತ್ರಿ. ಕೋಲಿನ ಮ್ಯಾಲಿನ ಅಂಕಿ ಕುಣೀತಾವು. ಮೊಬೈಲೂ ಕಾದು ಹಂಚ ಆಗತೈತಿ. ಎಂಟರೊಳಗ ಮುಗಸಬೇಕು" ಎನ್ನುತ್ತಾರೆ ಶಂಕ್ರಪ್ಪ.

ಐವತ್ತೆಂಟರ ಇವರನ್ನು ಸುತ್ತಲಿನವರು ಕರೆಯುವುದು 'ಲೆವಲ್ ಶಂಕ್ರಪ್ಪ' ಎಂದೇ. ಮಳೆಯ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದಂತೆ ಹೊಲಕ್ಕೆ ಅಡ್ಡಲಾಗಿ ಒಡ್ಡು ಹಾಕಬೇಕು. ಅದು ಎಲ್ಲಿ ಹಾಯಬೇಕು, ಎಷ್ಟು ಎತ್ತರ ಇರಬೇಕು ಎಂದು ಗುರುತು ಹಾಕಿಕೊಡುವುದು ಇವರ ಕೆಲಸ. ಇಪ್ಪತ್ತೇಳು ವರ್ಷ, ನಾಲ್ಕುನೂರಕ್ಕೂ ಹೆಚ್ಚು ಹೊಲ. ಒಂದು ಮುಂಜಾನೆಗೆ ಅರವತ್ತು ಕಡೆ ಕೋಲು ಊರಬೇಕು, ಊರುವವರು ನೀಲಕ್ಕ. ಆದರೂ ಹೆಸರು ಬಂದಿದ್ದು ಗಂಡನಿಗೆ. ಈ ಮಾತು ತೆಗೆದರೆ ನೀಲಕ್ಕ ನಗುತ್ತಾರೆ, ಶಂಕ್ರಪ್ಪ ಯಂತ್ರ ಒರೆಸುತ್ತಾರೆ.

ಇವರಿಗೆ ಕೆಲಸ ಕಲಿಸಿದ ನಿವೃತ್ತ ಎಂಜಿನಿಯರೊಬ್ಬರು 1998ರಲ್ಲಿ ಇವರ ಮನೆಯ ಕಂಪ್ಯೂಟರಿಗೆ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದರು. ಅಳತೆಗಳನ್ನು ತುಂಬಿದರೆ ಒಡ್ಡಿನ ದಾರಿ, ಎತ್ತರ ಎರಡನ್ನೂ ಹೇಳುತ್ತಿತ್ತು. ಒಂದೇ ಕಿರಿಕಿರಿ: ಪ್ರತಿ ಸಲವೂ ಮೊದಲು ಹತ್ತಿರದ ಹಳ್ಳದ ಸೇತುವೆಯ ಮೇಲಿನ ಅಳತೆ ಕೇಳುತ್ತಿತ್ತು. ಕೊಡದಿದ್ದರೆ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ.

ಎಂಟು ವರ್ಷದ ಹಿಂದೆ ಆ ಕಂಪ್ಯೂಟರ್ ಕೆಟ್ಟಿತು. ಹೊಸವುಗಳಲ್ಲಿ ಹಳೇ ಪ್ರೋಗ್ರಾಮ್ ನಡೆಯಲಿಲ್ಲ. ಶಂಕ್ರಪ್ಪ ನೋಟ್‌ಬುಕ್ ಹಿಡಿದು ಕೈಲೆಕ್ಕಕ್ಕೆ ಇಳಿದರು. "ನನಗ ಬರಂಗಿಲ್ಲೇನು ಅನ್ನೂ ಧಿಮಾಕ ಇತ್ರಿ" ಎಂದು ಅವರೇ ಹೇಳುತ್ತಾರೆ.

ನಾಲ್ಕು ವರ್ಷದ ಹಿಂದೆ ಮೈಲಾರವ್ವನ ಇದೇ ಹೊಲಕ್ಕೆ ಒಡ್ಡು ಹಾಕಿಸಿದರು. ಅರ್ಧವನ್ನು ಮಳೆಗಾಲದ ಕೊನೆಗೆ, ಹಿಂಗಾರಿ ಬಿತ್ತನೆಗೆ ಮೊದಲು; ಉಳಿದರ್ಧವನ್ನು ಬೇಸಗೆಯಲ್ಲಿ. ಸೇತುವೆಯ ತನಕ ಯಾರು ನಡೆಯಬೇಕು ಎಂದು ಎರಡೂ ಸಲ ಶಂಕ್ರಪ್ಪ ಹೊಲದ ಮೂಲೆಯಲ್ಲಿ ಗಡಿಗೆ ನೆಟ್ಟ ಬಾಂದಕಲ್ಲಿನಿಂದಲೇ ಅಳೆದರು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಒಡ್ಡು ಒಡೆಯಿತು. ಬಾಜು ಹೊಲದ ಭೀಮೇಶನ ಮೊಳಕೆಯೊಡೆದ ಹೆಸರಿನ ಬೆಳೆ ಕೆಸರಿನಲ್ಲಿ ಮುಚ್ಚಿಹೋಯಿತು. ಜನ ಕೂಡಿದರು. ಎಲ್ಲರೆದುರು ಶಂಕ್ರಪ್ಪ ಹೇಳಿದ್ದು ಒಂದೇ ಮಾತು: "ಮೈಲಾರವ್ವನ ಕುರಿ ತುಳದು ಒಡ್ಡು ಕುಸದೈತಿ."

ಮೈಲಾರವ್ವನಿಗೆ ಇಪ್ಪತ್ತೆರಡು ಕುರಿಗಳಿದ್ದವು. ಊರವರ ಮಾತು ಕೇಳಲಾರದೆ ಆ ವರ್ಷವೇ ಎಲ್ಲವನ್ನೂ ಮಾರಿದರು. ಭೀಮೇಶ ಅವರೊಡನೆ ಮಾತು ಬಿಟ್ಟ.

ಕಳೆದ ವರ್ಷ ಒಡೆದ ಗಾಜು ಹಾಕಿಸಲು ಅಣ್ಣಿಗೇರಿಯ ಮೊಬೈಲ್ ರಿಪೇರಿ ಅಂಗಡಿಗೆ ಹೋದಾಗ ಶಂಕ್ರಪ್ಪ ಹಳೇ ಕಂಪ್ಯೂಟರಿನ ಗೋಳು ತೋಡಿಕೊಂಡರು. ಅಂಗಡಿಯ ಒಡತಿ ಫರಹತ್ ಅದನ್ನು ತರಿಸಿಕೊಂಡು, ಹಾರ್ಡ್‌ಡಿಸ್ಕಿನಿಂದ ಪ್ರೋಗ್ರಾಮ್, ಹಳೇ ಅಳತೆಗಳು ಎಲ್ಲವನ್ನೂ ತೆಗೆದರು. ಮೊಬೈಲಿನಲ್ಲಿ ಎಮ್ಯುಲೇಟರ್ ಕೂಡಿಸಿದರು.

"ಅದು ವೇಷ ಕಟ್ಟೂದು ಕಾಕಾ. ಮೊಬೈಲು ಹಳೇ ಕಂಪ್ಯೂಟರಿನ ವೇಷ ಹಾಕ್ತೈತಿ. ಪ್ರೋಗ್ರಾಮ್ ತಾನು ಇನ್ನೂ ಅದರಾಗ ಅದೀನಿ ಅಂತ ತಿಳಕೊಂಡು ನಡೀತೈತಿ" ಎಂದು ಬಿಡಿಸಿ ಹೇಳಿದರಂತೆ. ಹೇಳಿದಷ್ಟು ಸಲೀಸಾಗಿರಲಿಲ್ಲ. ಒಮ್ಮೆ ಅಂಕಿ ಒತ್ತುವ ಕೀಲಿಗಳು ಅರ್ಧ ಪರದೆ ಮುಚ್ಚುತ್ತಿದ್ದವು, ಇನ್ನೊಮ್ಮೆ ದಶಾಂಶದ ಚುಕ್ಕಿ ಒತ್ತಿದರೆ ಮೂಡುತ್ತಿರಲಿಲ್ಲ. ಶಂಕ್ರಪ್ಪ ಎರಡು ತಿಂಗಳು ಅಂಗಡಿಗೆ ತಿರುಗಿದರು.

ಎಲ್ಲ ಸರಿಹೋದ ದಿನ ಮೈಲಾರವ್ವನ ಹೊಲದ ಹಳೇ ಕಡತ ತೆರೆದರು. ಎಂಜಿನಿಯರು ಇದ್ದಾಗಿನದು. ಸೇತುವೆಯಿಂದ ಹಿಡಿದು ಅದೇ ಬಾಂದಕಲ್ಲನ್ನು ಎರಡು ಸಲ ಅಳೆದಿದ್ದರು. ಮಳೆಗಾಲ ಮುಗಿದಾಗ ಇದ್ದಲ್ಲಿಂದ ಬೇಸಗೆಯಲ್ಲಿ ಕಲ್ಲು ನಾಲ್ಕು ಬೆರಳು ಕೆಳಗಿಳಿದಿತ್ತು. ಇಲ್ಲಿನ ಕಪ್ಪು ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿಬಿಟ್ಟು ಕುಗ್ಗುತ್ತದೆ, ಅದರೊಳಗಿನ ಕಲ್ಲೂ ಏರಿಳಿಯುತ್ತದೆ. ಸೇತುವೆ ಮಾತ್ರ ಬಂಡೆಯ ಮೇಲೆ ನಿಂತಿದೆ. ಹೀಗೆ ಇಳಿದ ಕಲ್ಲಿನಿಂದ ಅಳೆದು ಬೇಸಗೆಯಲ್ಲಿ ಹಾಕಿಸಿದ ಅರ್ಧ ಒಡ್ಡು ನಾಲ್ಕು ಬೆರಳು ತಗ್ಗಾಗಿತ್ತು. ನೀರು ಅಲ್ಲಿಂದಲೇ ಉಕ್ಕಿತ್ತು.

"ಮೂರು ದಿನ ಇವರಿಗೆ ಊಟ ಸೇರಲಿಲ್ರಿ" ಎನ್ನುತ್ತಾರೆ ನೀಲಕ್ಕ. ನಾಲ್ಕನೆಯ ದಿನ ಶಂಕ್ರಪ್ಪ ಭೀಮೇಶನನ್ನು ಕರೆದುಕೊಂಡು ಮೈಲಾರವ್ವನ ಮನೆಗೆ ಹೋಗಿ ತಪ್ಪು ತನ್ನದು ಎಂದರು. ಇದನ್ನು ಕೇಳಿದಾಗ ನನಗೆ ಅವರ ಮೇಲೆ ಸಿಟ್ಟೂ ಬಂತು, ಗೌರವವೂ ಹುಟ್ಟಿತು. ಮೈಲಾರವ್ವನಿಗೆ ಬಂದದ್ದು ಸಿಟ್ಟು ಮಾತ್ರ.

"ನನ್ನ ಕುರಿ ಮ್ಯಾಲೆ ಹೊರಸಿ, ಈಗ ಮೊಬೈಲ್ ತೋರಸ್ತೀರೇನ್ರಿ? ಒಡ್ಡು ಕಟ್ಟಿಸಿಕೊಡ್ರಿ. ನಿಮ್ಮ ಮಾತು ಖರೇನೋ ಸುಳ್ಳೋ ಮಳಿ ಹೇಳ್ತೈತಿ" ಎಂದರಂತೆ.

ಆ ಒಡ್ಡಿನ ಅಳತೆಯನ್ನೇ ನಾನು ಮೇ ತಿಂಗಳ ಆ ಮುಂಜಾನೆ ನೋಡಿದ್ದು. ಈ ಸಲ ಒಡ್ಡು ಒಡೆದರೆ ಶಂಕ್ರಪ್ಪನನ್ನು ಹೊಲಕ್ಕೆ ಕರೆಯುವವರು ಯಾರೂ ಇರುವುದಿಲ್ಲ. ಮೈಲಾರವ್ವನ ಮೇಲಿನ ಮಾತೂ ಹಾಗೆಯೇ ಉಳಿಯುತ್ತದೆ.

ಜೂನ್ ಎರಡನೆಯ ವಾರ ಮಳೆ ಜೋರಾಗಿ ಹೊಡೆಯಿತು. ಮರುದಿನ ಬೆಳಗ್ಗೆ ನಾನು ಮತ್ತೆ ಹೋದೆ. ಶಂಕ್ರಪ್ಪ, ಮೈಲಾರವ್ವ ಇಬ್ಬರೂ ಹೊಲದಲ್ಲಿದ್ದರು. ಒಡ್ಡಿನ ಈ ತುದಿಯಿಂದ ಆ ತುದಿಯವರೆಗೆ ನೀರು ಒಂದೇ ಮಟ್ಟದಲ್ಲಿ ನಿಂತಿತ್ತು. ಭೀಮೇಶ ತನ್ನ ಹೊಲದಿಂದಲೇ ಕೂಗಿ, "ಯಕ್ಕಾ, ನಿಂತೈತಿ ನೋಡು" ಎಂದ. ನಾಲ್ಕು ವರ್ಷದ ಮೇಲೆ ಮೈಲಾರವ್ವನೊಡನೆ ಅವನಾಡಿದ ಮೊದಲ ಮಾತು ಅದು. ಮೈಲಾರವ್ವ ಸೆರಗಿನಿಂದ ಮುಖ ಒರೆಸಿಕೊಂಡರು.

ಅವರ ಜೊತೆ ಹೊಸದಾಗಿ ತಂದ ಎರಡು ಕುರಿಮರಿಗಳಿದ್ದವು. ನಾವು ನೋಡುತ್ತಿದ್ದಂತೆ ಅವು ಒಡ್ಡು ಹತ್ತಿಬಿಟ್ಟವು. ಮೈಲಾರವ್ವ ಗಾಬರಿಯಾಗಿ ಶಂಕ್ರಪ್ಪನ ಮುಖ ನೋಡಿ, ಓಡಿಸಲು ಕೋಲು ಎತ್ತಿದರು.

"ಹತ್ತಲಿ ಬಿಡವಾ" ಎಂದರು ಶಂಕ್ರಪ್ಪ. "ಕುರಿ ಕಾಲಿಗೆ ಇದು ಆವತ್ತೂ ಒಡದಿಲ್ಲ."