ಟ್ರೈಲರ್ ನನ್ನದು, ಟ್ರ್ಯಾಕ್ಟರ್ ಅಣ್ಣನದು

ನಮ್ಮ ಮನೆಯಲ್ಲಿ ಹಿಸೆಯಾದಾಗ ಟ್ರ್ಯಾಕ್ಟರ್ ಅಣ್ಣನ ಪಾಲಿಗೆ ಹೋಯಿತು, ಟ್ರೈಲರ್ ನನ್ನ ಪಾಲಿಗೆ ಬಂತು. ಇದೆಂಥ ಹಂಚಿಕೆ ಎಂದು ಕೇಳಿದವರಿಗೆ ಪಂಚಾಯಿತಿಗೆ ಕೂತಿದ್ದ ಹಿರಿಯರು ಕಾನೂನನ್ನೇ ತೋರಿಸಿದರು. ಟ್ರೈಲರಿಗೆ ಬೇರೆ ನಂಬರ್ ಪ್ಲೇಟು, ಬೇರೆ ಆರ್‌ಸಿ. ಸರ್ಕಾರವೇ ಎರಡು ಗಾಡಿ ಎಂದ ಮೇಲೆ ಒಂದೊಂದು ಒಬ್ಬೊಬ್ಬರಿಗೆ ಸೇರುವುದೇ ನ್ಯಾಯವಂತೆ. ಎಲ್ಲರೂ ತಲೆದೂಗಿ ಕಾಫಿ ಕುಡಿದು ಎದ್ದು ಹೋದರು.

ಅದೇ ದಿನ ಬಚ್ಚಲಿನ ತಾಮ್ರದ ಹಂಡೆ ಯಾರಿಗೆ ಎಂಬುದರ ಮೇಲೆ ಜಗಳ ಹತ್ತಿ, ನಾನೂ ಅಣ್ಣನೂ ಮಾತು ಬಿಟ್ಟೆವು. ಒಂದೇ ಮನೆಯ ನಡುವೆ ಗೋಡೆ ಎದ್ದು ಎರಡು ಅಡಿಗೆಮನೆಯಾಯಿತು. ಅಮ್ಮ ನನ್ನ ಕಡೆ ಇದ್ದಳು. ನಮ್ಮೂರು ಬೇಗಾರಿನಲ್ಲಿ ನಮ್ಮಷ್ಟು ಶಿಸ್ತಾಗಿ ಮಾತು ಬಿಟ್ಟವರು ಇನ್ಯಾರೂ ಇರಲಿಲ್ಲ. ಗೊಬ್ಬರ ಸಾಗಿಸಬೇಕಾದಾಗ ನಾನು ಅಂಗಳದಲ್ಲಿ ನಿಂತು, "ಅಮ್ಮಾ, ಟ್ರ್ಯಾಕ್ಟರ್ ಬೇಕಂತೆ ಅಂತ ಹೇಳು" ಎನ್ನುತ್ತಿದ್ದೆ. ಎರಡು ಮಾರು ದೂರದಲ್ಲಿದ್ದ ಅಣ್ಣ, "ಟ್ರೈಲರಿನ ಟಯರಿಗೆ ಗಾಳಿ ಇಲ್ಲ, ಮೊದ್ಲು ಅದ್ನ ನೋಡ್ಕಳಕ್ಕೆ ಹೇಳಮ್ಮಾ" ಎನ್ನುತ್ತಿದ್ದ. ನಡುವೆ ನಿಂತ ಅಮ್ಮನಿಗೆ ಬಾಯಿ ತೆರೆಯುವ ಕೆಲಸವೇ ಇರುತ್ತಿರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಅಣ್ಣನ ಹಂಗೇ ಬೇಡ, ನೆಮ್ಮಾರಿನ ನೆಂಟರೊಬ್ಬರ ಟ್ರ್ಯಾಕ್ಟರ್ ತಂದು ನನ್ನ ಟ್ರೈಲರ್ ನಾನೇ ಎಳೆಯುತ್ತೇನೆ ಎಂದು ಹೊರಟೆ. ಆ ನೆಂಟರು ಜಾಣರು. "ಲೈಸೆನ್ಸ್ ತೋರ್ಸು, ಕೀ ತಗೊಂಡ್ ಹೋಗು. ಅಲ್ಲಿವರೆಗೆ ಮುಟ್ಟಕ್ಕೂ ಬಿಡಲ್ಲ ಮಾರಾಯ. ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಕೈ ಎತ್ತಿಬಿಡ್ತಾರೆ" ಎಂದರು. ಲೈಸೆನ್ಸ್ ಬೇಕಾದರೆ ಕೊಪ್ಪದಲ್ಲಿ ತಿಂಗಳಿಗೊಮ್ಮೆ ನಡೆಯುವ ಆರ್‌ಟಿಓ ಕ್ಯಾಂಪಿನಲ್ಲಿ ಟ್ರ್ಯಾಕ್ಟರ್ ಓಡಿಸಿ ತೋರಿಸಬೇಕು. ಅಂದರೆ ಅಣ್ಣನ ಹಂಗಿನಿಂದ ಪಾರಾಗಲು ಅಣ್ಣನ ಟ್ರ್ಯಾಕ್ಟರೇ ಬೇಕು! ಅಮ್ಮನ ಮುಖಾಂತರ ಅರ್ಜಿ ಹಾಕಿದೆ.

"ಬತ್ತೀನಿ ಅಂತ ಹೇಳು. ಟ್ರೈಲರಲ್ಲಿ ಜನ ಕೂರೋ ಹಾಗಿಲ್ಲ, ಮಡ್‌ಗಾರ್ಡಿನ ಮೇಲೂ ಇಲ್ಲ. ಅವ್ನು ಬಸ್ಸಲ್ಲಿ ಬರ್ಲಿ" ಎಂದ ಅಣ್ಣ.

ಹಾಗಾಗಿ ಕ್ಯಾಂಪಿನ ದಿನ ಅವನು ಟ್ರ್ಯಾಕ್ಟರಿನಲ್ಲೂ ನಾನು ಶೃಂಗೇರಿಯಿಂದ ಬಸ್ಸಿನಲ್ಲೂ ಹೊರಟೆವು. ದಾರಿಯಲ್ಲಿ ನಮ್ಮ ಬಸ್ಸು ನನ್ನದೇ ಟ್ರೈಲರನ್ನು ಹಿಂದೆ ಹಾಕಿತು. ಅಭ್ಯಾಸಬಲದಿಂದ ಕೈ ಬೀಸಲು ಹೋಗಿ, ಮಾತು ಬಿಟ್ಟಿದ್ದು ನೆನಪಾಗಿ, ತಲೆ ಕೆರೆದುಕೊಂಡೆ.

ಮೈದಾನದಲ್ಲಿ ಇನ್‌ಸ್ಪೆಕ್ಟರು ಟ್ರೈಲರನ್ನು ಒಂದು ಸುತ್ತು ಹಾಕಿ, ಹಿಂದಿನ ಲೈಟು, ಕೆಂಪು ರಿಫ್ಲೆಕ್ಟರು, ಕೊಂಡಿಯ ಪಿನ್ನು ಎಲ್ಲ ನೋಡಿದರು. "ಲೋಡ್ ಇದ್ದಾಗ ಇಳಿಜಾರಲ್ಲಿ ಹೇಗೆ ಇಳಿಸ್ತೀರಿ?" ಎಂದು ಕೇಳಿದರು. "ಸಣ್ಣ ಗೇರಲ್ಲಿ ಸಾರ್, ನ್ಯೂಟ್ರಲ್ ಮಾಡಲ್ಲ" ಎಂದೆ. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಆಮೇಲೆ ಎರಡು ಗೂಟಗಳ ನಡುವೆ ಟ್ರೈಲರನ್ನು ರಿವರ್ಸ್ ಹಾಕಲು ಹೇಳಿದರು.

ಟ್ರೈಲರ್ ರಿವರ್ಸ್ ಹಾಕಿದವರಿಗೇ ಗೊತ್ತು ಅದರ ಪಜೀತಿ. ಅದು ಎಡಕ್ಕೆ ಹೋಗಬೇಕಾದರೆ ನಾವು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ನಾನು ಗಾಬರಿಯಲ್ಲಿ ಎಡಕ್ಕೇ ತಿರುಗಿಸಿದೆ. ಟ್ರೈಲರ್ ನೇರವಾಗಿ ಬಲಗಡೆಯ ಗೂಟಕ್ಕೆ ಹೊರಟಿತು. ಗೂಟದ ಹಿಂದೆ ಇನ್‌ಸ್ಪೆಕ್ಟರು ಕಾಗದ ಹಿಡಿದು ನಿಂತಿದ್ದರು.

"ಎಡಕ್ಕಲ್ಲ ಮಾರಾಯಾ, ಬಲಕ್ಕೆ ಎಳಿ! ಬಲಕ್ಕೆ!"

ಇಡೀ ಮೈದಾನ ತಿರುಗಿ ನೋಡಿತು. ಕೂಗಿದವನು ಅಣ್ಣ. ಎರಡು ವರ್ಷದಲ್ಲಿ ಅವನು ನೇರವಾಗಿ ನನಗೇ ಆಡಿದ ಮೊದಲ ಮಾತದು. ನಾನು ಬಲಕ್ಕೆ ಎಳೆದೆ, ಟ್ರೈಲರ್ ಗೂಟಗಳ ನಡುವೆ ಹೋಗಿ ನಿಂತಿತು. "ಹೊರಗಿಂದ ಹೇಳಿಕೊಟ್ಟಿದ್ದಕ್ಕೆ ಪಾಸ್ ಮಾಡಕ್ಕಾಗಲ್ಲ. ಮುಂದಿನ ತಿಂಗಳು ಬನ್ನಿ" ಎಂದು ಇನ್‌ಸ್ಪೆಕ್ಟರು ಕಾಗದ ವಾಪಸ್ ಕೊಟ್ಟರು. ಫೇಲಾಗಿ ಅಷ್ಟು ಖುಷಿಪಟ್ಟವನನ್ನು ಅವರು ಅದಕ್ಕೂ ಮೊದಲು ನೋಡಿರಲಿಕ್ಕಿಲ್ಲ.

ಮರುದಿನವೇ ಅಣ್ಣ ಕೊಯ್ಲಾದ ಗದ್ದೆಯಲ್ಲಿ ಅಡಿಕೆ ಮರ ಸೀಳಿದ ಎರಡು ದಬ್ಬೆಗಳನ್ನು ಗೂಟದಂತೆ ನೆಟ್ಟು ಕರೆದ. ಒಂದು ತಿಂಗಳು ಪಾಠ ನಡೆಯಿತು, ಬೈಗುಳವೂ ನಡೆಯಿತು. "ಪಿನ್ ಹಾಕುವಾಗ ನಡುವೆ ಕೈ ಇಡ್ಬೇಡ, ಎಷ್ಟು ಸಲ ಹೇಳ್ಬೇಕು? ಹೋದ ಬೆರಳು ಮತ್ತೆ ಹುಟ್ತದಾ?" ಎಂದು ಗದರಿ, ನನ್ನ ಕೈ ಹಿಡಿದು ಆಚೆ ಸರಿಸುತ್ತಿದ್ದ. ಗದ್ದೆಯ ಅಂಚಿನಲ್ಲಿ ಕಾಫಿ ತಂದು ನಿಂತ ಅಮ್ಮ ಇಬ್ಬರ ಜಗಳ ಕೇಳಿ ನಗುತ್ತಿದ್ದಳು. ನನಗಂತೂ ಬೆಳಗಾಗುವುದನ್ನೇ ಕಾಯುವ ಹಾಗಾಗಿತ್ತು. ಮತ್ತೆ ಮಾತು ಶುರುವಾಗುವವರೆಗೂ ಅಣ್ಣನಿಗಾಗಿ ಎಷ್ಟು ಹಂಬಲಿಸಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ.

ಎರಡನೇ ಕ್ಯಾಂಪಿನ ಹಿಂದಿನ ದಿನ ಹದಿನಾಲ್ಕು ಸಲ ರಿವರ್ಸ್ ಹಾಕಿದೆ. ಒಂದು ಸಲವೂ ದಬ್ಬೆ ತಾಗಲಿಲ್ಲ. ಅಣ್ಣ ದಬ್ಬೆ ಕೀಳುತ್ತಾ, "ಇನ್ನೆಂತ, ನಾಳೆ ಪಾಸಾಗ್ತೀಯ. ಆಮೇಲೆ ಯಾರ ಟ್ರ್ಯಾಕ್ಟರ್ ಬೇಕಾದ್ರೂ ತಗೊಂಡು ಎಳ್ಕಂಡ್ ಹೋಗು. ನಿಂಗೆ ನನ್ನ ಹಂಗಿಲ್ಲ" ಎಂದ. ನೆಲ ನೋಡಿಕೊಂಡೇ ಹೇಳಿದ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಕೊಪ್ಪದಲ್ಲಿ ಮತ್ತೆ ಅದೇ ಮೈದಾನ, ಅದೇ ಇನ್‌ಸ್ಪೆಕ್ಟರು. ಈ ಸಲ ಅವರು ಅಣ್ಣನನ್ನು ದೂರದ ಮರದ ಬುಡಕ್ಕೆ ಕಳಿಸಿ, ತಾವು ಗೂಟದಿಂದ ಹತ್ತು ಹೆಜ್ಜೆ ಆಚೆ ನಿಂತರು. ನಾನು ರಿವರ್ಸ್ ಗೇರ್ ಹಾಕಿದೆ. ಟ್ರೈಲರ್ ಹೇಳಿದ ಮಾತು ಕೇಳುತ್ತಾ ಗೂಟಗಳ ಬಾಯಿಯವರೆಗೆ ಬಂತು. ಅಲ್ಲಿ ಒಂದು ಸಲ ಮರದ ಕಡೆ ನೋಡಿದೆ. ಅಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ನಾನು ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಬಲಗಡೆಯ ಗೂಟ ಲಟಕ್ಕನೆ ಮುರಿಯಿತು.

"ನಿನ್ನೆ ಗದ್ದೆಲಿ ಅಷ್ಟು ಚೆಂದ ಹಾಕಿದವ, ಇವತ್ತು ಎಂತ ಬಡೀತು ನಿಂಗೆ?" ಎಂದ ಅಣ್ಣ, ಕೊಂಡಿ ನೋಡುತ್ತಾ.

"ಹೆದ್ರಿಕೆ ಆಯ್ತು."

ಅವನು ತಲೆ ಎತ್ತಿ ನನ್ನ ಮುಖವನ್ನೇ ನೋಡಿದ. "ಸುಳ್ಳು ಹೇಳಕ್ಕೂ ನೆಟ್ಟಗೆ ಬರಲ್ಲ" ಎಂದು ಟ್ರ್ಯಾಕ್ಟರ್ ಹತ್ತಿ ಸ್ಟಾರ್ಟ್ ಮಾಡಿದ. ಸ್ವಲ್ಪ ಮುಂದೆ ಹೋದವನು ನಿಲ್ಲಿಸಿ, ಎಂಜಿನ್ನಿನ ಸದ್ದಿಗೂ ಮೇಲಾಗಿ ಕೂಗಿದ.

"ನಾಳೆ ಏಳು ಗಂಟೆಗೇ ಬಾ. ತಿಂಡಿ ನಮ್ಮನೇಲಿ!"